ಮೊಣಕೈ ಕಲಿತ ಪಾಠ

ವೈದ್ಯರು "ಫಿಸಿಯೋಥೆರಪಿಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟ ಕ್ಷಣದಿಂದ ರೋಗಿಯ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಒಂದು ಪಕ್ಷಕ್ಕೆ ಅದು ದುಡ್ಡು ಕೊಟ್ಟು ಮೈ ತಿಕ್ಕಿಸಿಕೊಳ್ಳುವ ವಿಲಾಸ. ಇನ್ನೊಂದು ಪಕ್ಷಕ್ಕೆ ಕರೆಂಟು ಹರಿಸಿ ನರಗಳನ್ನು ಎಚ್ಚರಿಸುವ ಮಾಯೆ. ಎರಡೂ ಪಕ್ಷದವರು ಒಪ್ಪುವ ಸಂಗತಿ ಒಂದೇ: ರೋಗಿಯು ಸುಮ್ಮನೆ ಮಲಗಿದ್ದರೆ ಸಾಕು, ಮಿಕ್ಕದ್ದನ್ನು ಅವರು ನೋಡಿಕೊಳ್ಳುತ್ತಾರೆ. ಹೊಸದಾಗಿ ಆ ಹೊಸ್ತಿಲನ್ನು ದಾಟುವವರು ಚಪ್ಪಲಿಯ ಜೊತೆಗೆ ಈ ನಂಬಿಕೆಯನ್ನೂ ಹೊರಗೆ ಬಿಟ್ಟು ಹೋಗುವುದು ಲೇಸು.

ಕಳೆದ ಮಳೆಗಾಲದಲ್ಲಿ ಸ್ಕೂಟರು ಜಾರಿ ನನ್ನ ಬಲ ಮೊಣಕೈಯ ಮೂಳೆ ಮುರಿಯಿತು. ಮೂರು ವಾರ ಪಟ್ಟಿಯೊಳಗಿದ್ದು ಹೊರಬಂದ ಕೈಯನ್ನು ನನ್ನದೆಂದು ಒಪ್ಪಿಕೊಳ್ಳುವುದೇ ಕಷ್ಟವಾಯಿತು. ತೋಳು ಬಡಕಲಾಗಿತ್ತು, ಮೊಣಕೈ ಅರ್ಧಕ್ಕೆ ಮಡಿಚಿ, ಕೊರಡಿನಂತೆ ನಿಂತಿತ್ತು. ಕಪ್ಪುಹಲಗೆಯ ಮೇಲೆ ಬರೆಯುವ ಮಾತು ಹಾಗಿರಲಿ, ಅನ್ನ ಕಲಸಿ ಎತ್ತಿದ ಕೈ ಬಾಯಿಗೆ ಗೇಣು ದೂರದಲ್ಲಿಯೇ ನಿಂತುಬಿಡುತ್ತಿತ್ತು. 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಎಂಬ ಗಾದೆಯನ್ನು ತರಗತಿಯಲ್ಲಿ ವಿಧಿಯ ಕ್ರೌರ್ಯಕ್ಕೆ ದೃಷ್ಟಾಂತವಾಗಿ ಹತ್ತಾರು ಬಾರಿ ವಿವರಿಸಿದ್ದವನಿಗೆ ಅದರ ವಾಚ್ಯಾರ್ಥವು ಅಂದು ತಿಳಿಯಿತು. ಆರು ವರ್ಷದ ಮಗಳು ಚಮಚ ಹಿಡಿದು ತಿನ್ನಿಸಲು ಬಂದಾಗ ನಗು ಬಂದಿತು. ಬಾಳೆಲ್ಲ ಹೀಗೆಯೇ ಆದರೆ ಎಂಬ ಯೋಚನೆ ಬಂದೊಡನೆ ಆ ನಗು ನಿಂತಿತು.

"ಮೂಳೆ ಕೂಡುತ್ತಿದೆ, ಇನ್ನು ಕೀಲು ಬಿಡಬೇಕು" ಎಂದರು ವೈದ್ಯರು. ತೋಳಿನದು ಒಂದು, ಮುಂಗೈಯವು ಎರಡು, ಹೀಗೆ ಮೂರು ಮೂಳೆಗಳು ಒಂದೇ ಚೀಲದೊಳಗೆ ಸೇರುವ ಕೀಲು ಮೊಣಕೈ. ಅಲುಗಾಟವಿಲ್ಲದೆ ಇಟ್ಟರೆ ಆ ಚೀಲ ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಪಟ್ಟಿಯು ಮೂಳೆಯನ್ನು ಕಾಯುತ್ತದೆ. ಅದರ ಬೆಲೆಯನ್ನು ಕೀಲು ತೆರುತ್ತದೆ.

ಚಿಕಿತ್ಸಕಿ ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ಮೊದಲ ದಿನ ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಎಕ್ಸ್‌ರೇ ನೋಡಿದರು, ವೈದ್ಯರ ಚೀಟಿ ಓದಿದರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಂಟೇ, ಯಾವ ಮಾತ್ರೆಗಳು ನಡೆಯುತ್ತಿವೆ, ಎದೆಯಲ್ಲಿ ಪೇಸ್‌ಮೇಕರ್, ಮೈಯಲ್ಲಿ ಲೋಹದ ತುಂಡು ಏನಾದರೂ ಇದೆಯೇ ಎಂದು ವಿಚಾರಿಸಿದರು. ಇವನ್ನು ಮುಚ್ಚಿಡಬಾರದು, ಬಸಿರಿಯಾದವರು ಅದನ್ನೂ ತಿಳಿಸಬೇಕು. ಕೆಲವು ಯಂತ್ರಗಳು ಇಂಥವರಿಗೆ ಕೂಡದು. ಸ್ಪರ್ಶಜ್ಞಾನ ಕುಗ್ಗಿದ ಚರ್ಮಕ್ಕೆ ಶಾಖ ಕೊಟ್ಟರೆ ಸುಟ್ಟದ್ದೂ ತಿಳಿಯುವುದಿಲ್ಲ. ಬಳಿಕ ಕೋನಮಾಪಕವನ್ನು ಹಿಡಿದು ಅಳೆದರು: ಮಡಿಯುವುದು 90 ಡಿಗ್ರಿ, ಚಾಚುವುದರಲ್ಲಿ 40 ಡಿಗ್ರಿ ಕೊರತೆ.

"ಸರ್, ಈ ಕೈಯಿಂದ ನೀವು ಮೊದಲು ಏನು ಮಾಡಬೇಕು?" ಎಂದು ಕೇಳಿದರು.

"ಊಟ ಮಾಡಬೇಕಮ್ಮ" ಎಂದೆ.

ಅವರು ನಗದೆ ಅದನ್ನೇ ಹಾಳೆಯಲ್ಲಿ ಬರೆದುಕೊಂಡರು. ಆರೋಗ್ಯವಂತ ಮೊಣಕೈ 140 ಡಿಗ್ರಿಗೂ ಮಿಕ್ಕಿ ಮಡಿಯಬಲ್ಲುದಂತೆ. ನಿತ್ಯದ ಬಹುಪಾಲು ಕೆಲಸಗಳಿಗೆ 30ರಿಂದ 130 ಡಿಗ್ರಿಯ ಓಡಾಟ ಸಾಕಂತೆ. ನನ್ನ ಅನ್ನಕ್ಕೂ ನನಗೂ ನಡುವೆ ಇದ್ದ ದೂರ ಹೀಗೆ 40 ಡಿಗ್ರಿ ಎಂದು ಗೊತ್ತಾಯಿತು. ಅಳೆಯಲು ಬಂದ ಕಷ್ಟ ಅರ್ಧ ಹಗುರವಾದಂತೆ.

ಆಮೇಲೆ ಪಾಠ. ಮಡಿಸು, ಚಾಚು, ಅಂಗೈ ಮೇಲೆ ಮಾಡು, ಕೆಳಗೆ ಮಾಡು. ಒಂದೊಂದೂ ಹತ್ತು ಬಾರಿ, ಎರಡು ಗಂಟೆಗೊಮ್ಮೆ. "ಅರ್ಧ ಗಂಟೆ ಕೈ ನನ್ನ ಬಳಿ ಇರುತ್ತದೆ, ಮಿಕ್ಕ ಇಪ್ಪತ್ತಮೂರೂವರೆ ಗಂಟೆ ನಿಮ್ಮ ಬಳಿಯೇ ಇರುತ್ತದೆ, ಸರ್" ಎಂದರು ಆಕೆ. ವ್ಯಾಕರಣದ ಅಭ್ಯಾಸ ಮಾಡದೆ ಬರುವ ಹುಡುಗರಿಗೆ ನಾನು ಹೇಳುವ ಮಾತು ಇದಕ್ಕಿಂತ ಬೇರೆಯಲ್ಲ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡುವುದನ್ನೂ ಕಲಿಸಿದರು. ಬಿಗಿದದ್ದನ್ನು ಎಳೆಯುವಾಗಿನ ಸೆಳೆತ ಸಹಜ. ಕೆಲವು ತಾಸುಗಳಲ್ಲಿ ಅದು ಅಡಗಬೇಕು. ಚೂರಿ ಇರಿದಂಥ ನೋವಾದರೆ ನಿಲ್ಲಿಸಬೇಕು. ಮರುದಿನ ಊತ ಹೆಚ್ಚಿದ್ದರೆ ಅಭ್ಯಾಸ ಮಿತಿಮೀರಿದೆಯೆಂದು ತಿಳಿದು ಚಿಕಿತ್ಸಕರಿಗೆ ಹೇಳಬೇಕು. ಬೆರಳು ಜೋಮು ಹಿಡಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಈ ನಡುವೆ ಊರಿನಿಂದ ದೊಡ್ಡಮ್ಮ ಬಂದರು. ಬೆಚ್ಚಗಿನ ಎಳ್ಳೆಣ್ಣೆಯ ಬಟ್ಟಲು ಹಿಡಿದು, "ಬಾರೋ, ಎಳೆದು ನೀವಿದರೆ ನಾಳೆಗೆ ಸಡಿಲವಾಗುತ್ತದೆ" ಎಂದು ಕುಳಿತರು. ಅವರ ಪ್ರೀತಿಯನ್ನು ನೋಯಿಸಲಾಗದು. ಆದರೆ ಮುರಿದು ಕೂಡುತ್ತಿರುವ ಮೊಣಕೈಯನ್ನು ಬಲವಾಗಿ ಉಜ್ಜಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಇನ್ನಷ್ಟು ಸೆಟೆಯುವ ಅಪಾಯವುಂಟೆಂದು ಚಿಕಿತ್ಸಕಿ ಎಚ್ಚರಿಸಿದ್ದರು. ಬಟ್ಟಲನ್ನು ಒಳಗಿರಿಸಿ, ಅಭ್ಯಾಸದ ಲೆಕ್ಕ ಎಣಿಸುವ ಕೆಲಸವನ್ನು ದೊಡ್ಡಮ್ಮನಿಗೆ ಒಪ್ಪಿಸಿದೆವು. ಅವರ ಎಣಿಕೆಯಲ್ಲಿ ಹತ್ತು ಯಾವಾಗಲೂ ಹನ್ನೆರಡಾಗುತ್ತಿತ್ತು.

ಮನೆಯವರ ಭ್ರಮೆಗೆ ಚರಿತ್ರೆಯ ಆಧಾರವಿಲ್ಲದಿಲ್ಲ. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಈ ವೃತ್ತಿಗೆ ಸಂಘ ಕಟ್ಟಿದಾಗ ಅದು ತರಬೇತಾದ ಅಂಗಮರ್ದನಕಾರ್ತಿಯರ ಸಂಘವೆಂಬ ಹೆಸರನ್ನೇ ಹೊತ್ತಿತ್ತು. ಮುಂದೆ ಯುದ್ಧದ ಗಾಯಾಳುಗಳೂ ಪೋಲಿಯೋ ಪೀಡಿತ ಮಕ್ಕಳೂ ಆ ವೃತ್ತಿಯನ್ನು ಬೆಳೆಸಿದರು. ಸೋತ ಕಾಲು ಮತ್ತೆ ನಡೆಯಬೇಕಾದರೆ ನೀವಿದರೆ ಸಾಲದು, ನಡೆಸಬೇಕು. ನಮ್ಮ ದೇಶದಲ್ಲಿ 2021ರಲ್ಲಿ ಬಂದ ಕಾಯಿದೆಯು ಫಿಸಿಯೋಥೆರಪಿಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಆದುದರಿಂದ ಚಿಕಿತ್ಸಕರ ಪದವಿಯೇನೆಂದು ವಿನಯದಿಂದ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಗುಣವು ಮೆಟ್ಟಿಲೇರಿದಂತೆ ಬರುವುದಿಲ್ಲ. ಮೊದಲ ಎರಡು ವಾರದಲ್ಲಿ 15 ಡಿಗ್ರಿ ದೊರೆಯಿತು. ಮೂರನೆಯ ವಾರ ಒಂದೂ ಇಲ್ಲ. ಪಕ್ಕದ ಮಂಚದ ನಿವೃತ್ತ ಗುಮಾಸ್ತರು ಮಂಡಿ ಬದಲಾಯಿಸಿಕೊಂಡು ಬಂದವರು. ಅವರು ಕೋಲು ಬಿಟ್ಟು ನಡೆದ ದಿನ ನನ್ನ ಕೈ ಇನ್ನೂ ಅಲ್ಲೇ ಇತ್ತು. ಅವರ ಕೀಲು ಬೇರೆ, ನನ್ನದು ಬೇರೆ ಎಂದು ಮನಸ್ಸಿಗೆ ಹೇಳಿಕೊಳ್ಳುವುದೂ ಒಂದು ವ್ಯಾಯಾಮವೇ. ಒಂಬತ್ತನೆಯ ವಾರದ ಒಂದು ರಾತ್ರಿ ಹುಳಿಯನ್ನದ ತುತ್ತು ಬಾಯಿಗೆ ಬಂದಿತು. ಕೊರಳು ಮುಂದಕ್ಕೆ ಸ್ವಲ್ಪ ಚಾಚಬೇಕಾಯಿತು, ನಿಜ. ಮಗಳಿಗೆ ಮಾತ್ರ ಕೆಲಸ ತಪ್ಪಿದ ಬೇಸರ. ಇಂದಿಗೂ ಕೈ ಪೂರ್ತಿ ನೀಳವಾಗುವುದಿಲ್ಲ. ಬರೆಯುವುದಕ್ಕೂ ಉಣ್ಣುವುದಕ್ಕೂ ಅಡ್ಡಿಯಿಲ್ಲ.

ಹೊಸದಾಗಿ ಹೊರಟಿರುವ ಓದುಗರೇ, ಸಡಿಲವಾದ ಉಡುಪು ತೊಟ್ಟು ಹೋಗಿ. ಹಳೆಯ ಕಾಗದಗಳನ್ನೆಲ್ಲ ಒಯ್ಯಿರಿ. ಪುಟ್ಟ ಪುಸ್ತಕವೊಂದರಲ್ಲಿ ಅಭ್ಯಾಸವನ್ನೂ ನೋವಿನ ಅಂಕವನ್ನೂ ಬರೆದಿಡಿ. ಈ ವ್ಯಾಯಾಮ ಏತಕ್ಕೆ, ಎಷ್ಟು ಬಾರಿ, ಯಾವಾಗ ನಿಲ್ಲಿಸಬೇಕು ಎಂದು ಕೇಳಿ. ದಿನವೂ ಯಂತ್ರ ತಗುಲಿಸಿ, ಏನನ್ನೂ ಕಲಿಸದೆ ಕಳುಹಿಸುವ ಕಡೆ ಬಹುಕಾಲ ಇರಬೇಡಿ. ಮೂರೇ ದಿನದಲ್ಲಿ ಗುಣವೆಂದು ಭರವಸೆ ಕೊಡುವವರಿಂದಲೂ ದೂರವಿರಿ. ಅವರು ಮೊಣಕೈಗೆ ಬೆಲ್ಲ ಹಚ್ಚುವವರು. ಮೊಣಕೈಯ ಬೆಲ್ಲ, ಅದು ಎಷ್ಟು ಮಡಿದರೂ, ಯಾರ ನಾಲಿಗೆಗೂ ಎಟುಕುವುದಿಲ್ಲ.