ಸಿಟ್ಟು ಇಳಿಯುವ ಹೊತ್ತು

ಕರಿಕೆಯಲ್ಲಿ ಮಳೆ ಹಿಡಿದರೆ ಮನೆಯೇ ಲೋಕ. ಅಂಥದೊಂದು ಸಂಜೆ ನಾವೆಲ್ಲ ಕೂತು ಹಳೆಯ ಜಪಾನಿ ಚಿತ್ರವೊಂದನ್ನು ನೋಡಿದೆವು. 1966ರಲ್ಲಿ ದಾಯೇ ಸಂಸ್ಥೆ ತಯಾರಿಸಿದ, ಕಿಮಿಯೋಶಿ ಯಾಸುದಾ ನಿರ್ದೇಶಿಸಿದ ‘ದಾಯ್‌ಮಾಜಿನ್’.

ಒಡೆಯನನ್ನು ಕೊಂದು ಪಟ್ಟವೇರಿದ ಸಾಮನೋಸುಕೆ ಜನರನ್ನು ಹಿಂಡುತ್ತಾನೆ. ಜನರ ನಂಬಿಕೆ ಬೆಟ್ಟದ ಮೇಲಿನ ಭಾರೀ ಕಲ್ಲಿನ ವಿಗ್ರಹದ ಮೇಲೆ. ಅದನ್ನೂ ಒಡೆಯಲು ಅವನು ಆಳು ಕಳಿಸುತ್ತಾನೆ. ಹಣೆಗೆ ಉಳಿ ಹೊಡೆದರೆ ರಕ್ತ ಸುರಿಯುತ್ತದೆ. ಕೊನೆಗೆ ವಿಗ್ರಹ ಎದ್ದು ನಿಂತು ಮುಖದ ಮುಂದೆ ಕೈ ಆಡಿಸುತ್ತದೆ. ಶಾಂತ ಮುಖ ಹೋಗಿ ಉಗ್ರ ಮುಖ ಬರುತ್ತದೆ.

ಕೋಟೆ ಉರುಳುವಾಗ ನಮ್ಮ ಮಕ್ಕಳು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ನಮಗೂ ಖುಷಿಯಾಯಿತು. ತೋಟಕ್ಕೆ ಹೋಗುವ ನಮ್ಮ ದಾರಿಗೆ ನೆರೆಯವರು ಬೇಲಿ ಹಾಕಿ ಎರಡು ವರ್ಷವಾಗಿತ್ತು. ಆ ಬೇಲಿಯ ಮೇಲೂ ಇಂಥದೊಂದು ಕಾಲು ಬೀಳಲಿ ಎಂದು ಮನಸ್ಸು ಬಯಸಿತು.

ಆದರೆ ದುಷ್ಟ ಸತ್ತ ಮೇಲೂ ದಾಯ್‌ಮಾಜಿನ್ ನಿಲ್ಲುವುದಿಲ್ಲ. ಬೇಡಿಕೊಂಡವರ ಮೇಲೆಯೇ ಬರುತ್ತಾನೆ. ಚಪ್ಪಾಳೆ ನಿಂತಿತು. “ಇನ್ನು ಇವನನ್ನು ತಡೆಯುವವರು ಯಾರು?” ಎಂದರು ಉಮ್ಮ. ತಡೆದದ್ದು ಸತ್ತ ಒಡೆಯನ ಮಗಳು ಕೊಜಾಸಾ. ಅವಳ ಕಣ್ಣೀರು ಅವನ ಪಾದದ ಮೇಲೆ ಬಿದ್ದಾಗ ಸಿಟ್ಟು ಇಳಿದು, ವಿಗ್ರಹ ಮಣ್ಣಾಗಿ ಉದುರುತ್ತದೆ.

ಸಿಟ್ಟಿನ ದೈವ ನಮಗೆ ಹೊಸತಲ್ಲ. 2022ರ ‘ಕಾಂತಾರ’ದಲ್ಲೂ ದೈವ ಧಣಿಯನ್ನು ಕೊಂದು ಸುಮ್ಮನಾಗುವುದಿಲ್ಲ, ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಕೂಡಿಸಿದ ಮೇಲೆಯೇ ಮರೆಯಾಗುತ್ತದೆ. ನಮ್ಮೂರಿನಿಂದ ಗಡಿ ದಾಟಿದರೆ ಪಾಣತ್ತೂರು, ಕಾಸರಗೋಡು ಜಿಲ್ಲೆ. ಅದೇ ಜಿಲ್ಲೆಯ ಮಾಲೋಂನ ಭಗವತಿ ಕ್ಷೇತ್ರದಲ್ಲಿ ಮುಕ್ರಿ ಪೋಕ್ಕರ್ ಎಂಬ ಮುಸ್ಲಿಮನ ಹೆಸರಿನ ತೆಯ್ಯಂ ಕಟ್ಟುತ್ತಾರೆ. ಆ ತೆಯ್ಯಂ ಬಾಂಗು ಕೊಟ್ಟು ನಮಾಝ್ ಮಾಡುತ್ತದೆ. ಅದು ನಮ್ಮ ಆರಾಧನೆಯಲ್ಲ. ಆದರೂ ಬೇರೆ ಧರ್ಮದವನೊಬ್ಬನ ನೆನಪನ್ನು ಊರು ಹೀಗೆ ಕಾಪಾಡಿಕೊಂಡು ಬಂದಿರುವುದನ್ನು ಕಂಡಾಗ ಮನಸ್ಸು ತುಂಬುತ್ತದೆ.

ಅನ್ಯಾಯ ಕಂಡಾಗ ಸಿಟ್ಟು ಬರಬೇಕು, ನಿಜ. ಆದರೆ ಅದನ್ನು ಇಳಿಸುವವರೂ ಮನೆಯೊಳಗೇ ಇರಬೇಕು. ಮರುದಿನ ಮಳೆ ಬಿಟ್ಟಾಗ ಉಮ್ಮ ಒಂದು ತಟ್ಟೆ ಪತ್ತಿರಿ ಹಿಡಿದು ನೆರೆಮನೆಗೆ ಹೋದರು. ಬೇಲಿ ಇನ್ನೂ ಅಲ್ಲೇ ಇದೆ. ಆದರೆ ಅದರ ಆಚೆ ಈಚೆ ನಿಂತು ನಾವು ಈಗ ಮಾತಾಡುತ್ತಿದ್ದೇವೆ.