ನಮ್ಮ ಶಾಲೆಯ ಕಂಪ್ಯೂಟರಿಗೆ ಬಯಾಸ್ ಹಾಕಿದ್ದು

ನಮ್ಮ ಶಾಲೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದು ಬಹಳ ನಿಧಾನ. ಹೆಡ್‌ಮಾಸ್ತರು ಹೊಸ ಮಾದರಿಯ ಎಸ್‌ಎಸ್‌ಡಿ ತರಿಸಿದರು. ಆದರೆ ಹಳೇ ಕಂಪ್ಯೂಟರ್ ಅದರಿಂದ ಚಾಲೂ ಆಗಲಿಲ್ಲ. ತಾಲ್ಲೂಕಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಬಂದು ನೋಡಿ, "ಹೊಸ ಬಯಾಸ್ ಹಾಕಬೇಕು" ಎಂದರು.

ಬಯಾಸ್ ಎಂದರೇನು? ಮದರ್‌ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿರುವ ಪ್ರೋಗ್ರಾಮು. ಸ್ವಿಚ್ ಒತ್ತಿದ ಕೂಡಲೇ ಮೊದಲು ಎದ್ದು ಮೆಮೊರಿ, ಕೀಬೋರ್ಡು, ಡಿಸ್ಕು ಎಲ್ಲಾ ಇದಾವಾ ಅಂತ ನೋಡುವುದು ಅದೇ. ನಮ್ಮ ಮೇಷ್ಟ್ರು ಬೆಳಿಗ್ಗೆ ಹಾಜರಿ ಕರೆಯುವ ಹಾಗೆ. ಈಗಿನ ಕಂಪ್ಯೂಟರುಗಳಲ್ಲಿ ಅದರ ಹೆಸರು ಯುಇಎಫ್‌ಐ. ಆದರೂ ಜನ ಬಯಾಸ್ ಅಂತಲೇ ಕರೆಯುತ್ತಾರೆ.

ಮಾವ ನನಗೆ ಬೋರ್ಡಿನ ಹೆಸರು ಬರೆದುಕೊಂಡು ಬಾ ಎಂದರು. ನಾನು ಸೋಮಾರಿತನದಿಂದ ಕಪಾಟಿನಲ್ಲಿದ್ದ ಹಳೇ ರಟ್ಟಿನ ಪೆಟ್ಟಿಗೆ ನೋಡಿ ಬರೆದೆ. "ಬೋರ್ಡು ನೋಡಿದೆಯೇನೋ?" ಎಂದು ಕೇಳಿದರು. "ಹೂಂ" ಅಂದುಬಿಟ್ಟೆ.

ಮಾವ ವೈರು ಕಿತ್ತು, ಡಬ್ಬ ಬಿಚ್ಚಿ ಟಾರ್ಚ್ ಬಿಟ್ಟರು. ಹೆಸರು ಅದೇ, ಆದರೆ ಕೊನೆಯಲ್ಲಿ 'ರೆವ್ 2.0' ಅಂತಿತ್ತು. ನಾನು 1.0 ಬರೆದಿದ್ದೆ. ಬೋರ್ಡು ಒಮ್ಮೆ ಬದಲಾಗಿತ್ತಂತೆ. ಮಾವ ಬೈಯಲಿಲ್ಲ. "ಬೇರೆ ಬೋರ್ಡಿನ ಫೈಲ್ ಹಾಕಿದ್ರೆ ಕಂಪ್ಯೂಟರ್ ಮತ್ತೆ ಏಳದೇ ಹೋಗಬಹುದು ಕಣೋ" ಅಷ್ಟೇ ಅಂದರು.

ಆಮೇಲೆ ಬೋರ್ಡು ತಯಾರಿಸಿದ ಕಂಪನಿಯ ಸೈಟಿನಿಂದಲೇ ಸರಿಯಾದ ಫೈಲ್ ಇಳಿಸಿ, ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿದರು. ಹಳೇ ಸೆಟ್ಟಿಂಗುಗಳನ್ನು ನನ್ನ ಕೈಲಿ ಬರೆಸಿದರು. ಶಾಲೆಯ ಯುಪಿಎಸ್ ಕೆಟ್ಟಿತ್ತು. "ಐದು ನಿಮಿಷದ ಕೆಲಸ, ಹಾಗೇ ಮಾಡೋಣ ಮಾವ" ಅಂದೆ. ಅವರು ಒಪ್ಪಲಿಲ್ಲ. ಹಾಲಿನ ಡೈರಿಯವರನ್ನು ಕೇಳಿ, ಅವರ ಯುಪಿಎಸ್ ಅನ್ನು ಮಧ್ಯಾಹ್ನ ಸೈಕಲ್ಲಿನ ಮೇಲೆ ತಂದೆವು.

ಶೇಕಡಾ 40 ಆಗಿತ್ತು. ಮೇಲಿನ ಫ್ಯಾನು ನಿಂತಿತು. ಕರೆಂಟು ಹೋಯಿತು! ಯುಪಿಎಸ್ ಕೀ ಕೀ ಎಂದು ಕೂಗತೊಡಗಿತು. ಚಿಪ್ಪಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಾಗ ಕಂಪ್ಯೂಟರ್ ಆರಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಯಾರೂ ಮಾತಾಡಲಿಲ್ಲ. ಕೊನೆಗೆ 100 ಆಯಿತು. ಕಂಪ್ಯೂಟರ್ ತಾನಾಗಿಯೇ ಆರಿ ಹತ್ತಿತು. ಹೊಸ ಎಸ್‌ಎಸ್‌ಡಿ ಹೆಸರು ಪರದೆ ಮೇಲೆ ಬಂತು. ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಾಚಿಕೆಯಾಯಿತು.

ಸಂಜೆ ಹಾಲು ಅಳೆಯುವ ಮೊದಲು ಯುಪಿಎಸ್ ವಾಪಸ್ ಕೊಡಲು ಹೋಗುವಾಗ, "ಮಾವ, ನಾನು ಬೋರ್ಡು ನೋಡಿರಲಿಲ್ಲ. ಸುಳ್ಳು ಹೇಳಿದೆ" ಎಂದೆ. "ಗೊತ್ತು. ಅದಕ್ಕೇ ಬಿಚ್ಚಿದ್ದು" ಎಂದರು.

ಗೆಳೆಯರೇ, ಕಾರಣವಿಲ್ಲದೆ ಬಯಾಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಬೋರ್ಡನ್ನು ಕಣ್ಣಾರೆ ನೋಡಿ ಬರೆದುಕೊಳ್ಳಿ, ಯುಪಿಎಸ್ ಇಟ್ಟುಕೊಳ್ಳಿ, ಮುಗಿಯುವ ತನಕ ಸ್ವಿಚ್ ಮುಟ್ಟಬೇಡಿ. ನೋಡದೆ ಇದ್ದದ್ದನ್ನು ನೋಡಿದೆ ಅನ್ನಬೇಡಿ.

— 7ನೇ ತರಗತಿ ವಿದ್ಯಾರ್ಥಿ