2000 ಆರ್‌ಪಿಎಂ ದಾಟಿದ ಮೇಲೆ

ಸ್ವಿಫ್ಟ್ ಡಿಡಿಐಎಸ್: 1248 ಸಿಸಿ, 190 ಎನ್‌ಎಂ ಟಾರ್ಕ್. ಎಲೈಟ್ ಐ20 ಡೀಸೆಲ್: 1396 ಸಿಸಿ, 220 ಎನ್‌ಎಂ. ಕಾಗದದ ಮೇಲೆ ಐ20ಯೇ ಮುಂದು. ನನಗೆ ಮುಖ್ಯವಾದದ್ದು ಆ ಎಳೆತ ಎಲ್ಲಿಂದ ಶುರುವಾಗುತ್ತದೆ ಅನ್ನೋದು. ಐ20ಗೆ 1500 ಆರ್‌ಪಿಎಂ ಸಾಕು, ಸ್ವಿಫ್ಟ್‌ಗೆ 2000 ಬೇಕು.

ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವಲ್ಲಿ ಸ್ವಿಫ್ಟನ್ನು ಎರಡನೇ ಗೇರಲ್ಲೇ ಬಿಟ್ಟು ನೋಡಿ. ಗಾಡಿ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತದೆ. ಮುಳ್ಳು 2000 ದಾಟಿದ್ದೇ ಟರ್ಬೊ ಸಿಳ್ಳೆ ಹಾಕುತ್ತದೆ, ಬೆನ್ನು ಸೀಟಿಗೆ ಅಂಟುತ್ತದೆ. ಆ ನುಗ್ಗು ನನಗೆ ಇವತ್ತಿಗೂ ಇಷ್ಟ. ಆದರೆ ಘಾಟಿಯಲ್ಲಿ ಲಾರಿಯನ್ನು ಹಿಂದೆ ಹಾಕಬೇಕು, ಹಿಂದಿನ ಸೀಟಲ್ಲಿ ಅಮ್ಮ ಕೂತಿದ್ದಾರೆ ಅಂದರೆ, ಆ ಒಂದು ಕ್ಷಣವೂ ಕಾಯಿಸದ ಐ20ಯೇ ನನಗೆ ಬೇಕು.